ಕೆರೆ ವಂತಿಗೆ ಮತ್ತು ಅಭಿವೃದ್ಧಿ ಕರ

ಕೆರೆಯ ನೀರಿನಿಂದ ಲಾಭ ಪಡೆಯುವ ಜಮೀನಿನ ಮೇಲೆಯೇ ಕೆರೆಯ ದುರಸ್ತಿ ಖರ್ಚನ್ನು ಹೊರಿಸುವ ಪದ್ಧತಿ. ಕರ್ನಾಟಕದಲ್ಲಿ ಇದು ಬಿತ್ತುವಟ್ಟ, ಕೆರೆಗೊಡಗೆ (ಕೆರೆಗಾಗಿ ಬಿಟ್ಟ ಭೂಮಿ), ಕೆರೆ ಪಂಚಾಯಿತಿಯ ವಂತಿಗೆ, ಅಭಿವೃದ್ಧಿ ಕರ ಎಂಬ ಬೇರೆ ಬೇರೆ ರೂಪಗಳಲ್ಲಿ ಶತಮಾನಗಳಿಂದ ಕಾಣಿಸಿಕೊಂಡಿದೆ. ಇದನ್ನು ಹೋಲುವಂತೆ ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಸರೋವರದ ದಂಡೆಯ ಆಸ್ತಿಗಳಿಗೆ ವಿಶೇಷ ತೆರಿಗೆ ಹಾಕಿ ನೀರಿನ ಶುಚಿತ್ವ ಕಾಪಾಡುವ ಸರೋವರ ಜಿಲ್ಲೆಗಳಿವೆ. ಅಲ್ಲಿ ಕಟ್ಟುವವನು ದಂಡೆಯ ಮನೆಯೊಡೆಯ, ಇಲ್ಲಿ ಅಚ್ಚುಕಟ್ಟಿನ, ಅಂದರೆ ಕೆರೆಯ ನೀರುಣ್ಣುವ ಪ್ರದೇಶದ, ಗದ್ದೆಯವನು.

ಶಾಸನಗಳ ಕಾಲ: ತೂಬಿನ ಕೆಳಗಿನ ಗದ್ದೆಯಲ್ಲಿ ಬಿತ್ತುವ ಬೀಜದ ಅಳತೆಗೆ ತಕ್ಕಂತೆ ಎತ್ತುತ್ತಿದ್ದ ಪಾಲನ್ನು, ಇಲ್ಲವೇ ಕೆರೆಗೆಂದೇ ಬಿಟ್ಟ ಭೂಮಿಯನ್ನು, ಬಿತ್ತುವಟ್ಟ ಎನ್ನುತ್ತಿದ್ದರು. ಗಂಗರ ಕಾಲದಿಂದಲೇ ಶಾಸನಗಳಲ್ಲಿ ಇದು ಸಿಗುತ್ತದೆ. ಕೆರೆ ಕಟ್ಟಿಸಿದವನಿಗೆ ಕೊಡುತ್ತಿದ್ದ ಭೂಮಿ ಕಟ್ಟುಗೊಡಗೆ. ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಹತ್ತರಲ್ಲೊಂದು ಪಾಲಿನ ದಸವಂದ ಸಲ್ಲುತ್ತಿತ್ತು. ಹೂಳೆತ್ತುವ, ಏರಿಗೆ ಮಣ್ಣು ಹೊರುವ ಬಂಡಿಯನ್ನು ಇಟ್ಟುಕೊಳ್ಳಲೂ ಪ್ರತ್ಯೇಕ ದತ್ತಿಗಳಿದ್ದವು. ತೂಬು ನೋಡಿಕೊಳ್ಳುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆದು ಕೊಡುತ್ತಿದ್ದರು. ಈ ಏರ್ಪಾಡಿನಲ್ಲಿ ರಾಜನ ಬೊಕ್ಕಸಕ್ಕಿಂತ ಊರಿನ ಕಣವೇ ದೊಡ್ಡದು. ಹಾಗೆಂದು ಇದನ್ನು ಗ್ರಾಮಸ್ವರಾಜ್ಯದ ಸುವರ್ಣಯುಗವೆಂದು ಹೊಗಳುವುದು ಅತಿಯಾದೀತು: ಕೊಡಗೆಯ ಭೂಮಿ ಸಾಮಾನ್ಯವಾಗಿ ಉಳ್ಳವರ ಕೈಗೆ ಹೋಗುತ್ತಿತ್ತು, ಮಣ್ಣು ಹೊರುವ ಮೈ ಬೇರೆಯವರದು.

ಸೋಮನಾಥಪುರದ ಸುತ್ತ: ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಸ್ಥಾಪಿಸಿದ ಅಗ್ರಹಾರ ಸೋಮನಾಥಪುರ. ಕೇಶವ ದೇವಾಲಯದ ಬಾಗಿಲ ಬಳಿಯ ದೊಡ್ಡ ಶಾಸನ ದೇವರ ಪೂಜೆಗೂ ಅಗ್ರಹಾರಕ್ಕೂ ಬಿಟ್ಟ ದತ್ತಿಗಳನ್ನು ಹೇಳುತ್ತದೆ. ಈ ಸೀಮೆಯ ನೀರಾವರಿ ಕೆರೆಯೊಂದನ್ನೇ ನಂಬಿಕೊಂಡದ್ದಲ್ಲ. ಟಿ. ನರಸೀಪುರದ ಕಡೆ ಕಾವೇರಿಗೆ ಅಡ್ಡಲಾದ ಮಾಧವಮಂತ್ರಿ ಅಣೆಕಟ್ಟೆ, ನಂಜನಗೂಡಿನ ಕಡೆ ಕಪಿಲೆಗೆ ಅಡ್ಡಲಾದ ಹುಲ್ಲಹಳ್ಳಿ ಅಣೆಕಟ್ಟೆ ನಾಲೆಗಳಿಗೆ ನೀರು ಹಾಯಿಸಿದವು. ನಾಲೆಯ ನೀರು ತಲುಪದ ಮೇಲ್ಭಾಗಗಳಿಗೆ ಮಳೆ ನಂಬಿದ ಕೆರೆಗಳೇ ಗತಿ. ನಾಲೆಯ ದುರಸ್ತಿ ಸರ್ಕಾರದ ಕೆಲಸ, ಕೆರೆಯ ಏರಿ ಊರವರ ಕೆಲಸ ಎಂಬ ಭೇದ ಬಲಿಯಲು ಇಂಥ ಭೂಗೋಳವೂ ಒಂದು ಕಾರಣವೆನ್ನಬಹುದು. ತಲಕಾಡಿನಿಂದ ಹೊಳೆ ದಾಟಿದರೆ ಸಿಗುವ ಕೊಳ್ಳೇಗಾಲ 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿ ಕೆರೆ ದುರಸ್ತಿಗಾಗಿ ಊರವರು ಮಾಡುವ ದುಡಿಮೆಯ ಪದ್ಧತಿಗೆ ಕುಡಿಮರಾಮತ್ತು ಎಂಬ ಹೆಸರಿತ್ತು. 1858ರ ಮದರಾಸು ಕಾಯಿದೆ ತುರ್ತು ಸಂದರ್ಭದಲ್ಲಿ ಆ ದುಡಿಮೆಯನ್ನು ಕಡ್ಡಾಯ ಮಾಡಿತು.

ಮೈಸೂರು ಸಂಸ್ಥಾನ: ಕಮಿಷನರುಗಳ ಆಡಳಿತದಲ್ಲಿ, 1860ರ ದಶಕದಿಂದ, ರೈತವಾರಿ ಸರ್ವೆ ಮತ್ತು ಇನಾಮು ವಿಚಾರಣೆ ಶುರುವಾದವು. ಗದ್ದೆಯ ಕಂದಾಯ ನಗದಾಯಿತು, ಕೊಡಗೆ ಭೂಮಿಗಳು ಲೆಕ್ಕದ ಪುಸ್ತಕಕ್ಕೆ ಬಂದವು. ಊರೊಳಗೆ ತಿರುಗುತ್ತಿದ್ದ ಪಾಲು ಸರ್ಕಾರದ ಹುಜೂರಿಗೆ ಹೋಗತೊಡಗಿದ ಮೇಲೆ ಏರಿಗೆ ಮಣ್ಣು ಹಾಕುವ ಹೊಣೆ ಯಾರದೆಂಬ ಜಗಳ ಹುಟ್ಟಿತು. ಕಂದಾಯ ತರುವ ಲೆಕ್ಕದಲ್ಲೇ ಕೆರೆಗಳನ್ನು ದೊಡ್ಡವು, ಸಣ್ಣವು ಎಂದು ವಿಂಗಡಿಸಿದರು. 300 ರೂಪಾಯಿ ಮೀರಿದ ಕಂದಾಯದವು ಲೋಕೋಪಯೋಗಿ ಇಲಾಖೆಗೆ, ಉಳಿದವು ರೆವಿನ್ಯೂ ಇಲಾಖೆಯ ಮೂಲಕ ರೈತರ ಕೈಗೆ.

ಆ ಹೊಣೆಯನ್ನು ಕಾನೂನಿನ ಚೌಕಟ್ಟಿಗೆ ತಂದದ್ದು 1911ರ ಮೈಸೂರು ಕೆರೆ ಪಂಚಾಯಿತಿ ರೆಗ್ಯುಲೇಷನ್. ಕೆರೆಯ ಕೆಳಗಿನ ಹಿಡುವಳಿದಾರರ ಪಂಚಾಯಿತಿ ಏರಿಯ ಮಣ್ಣಿನ ಕೆಲಸವನ್ನು ಹಂಚಿಕೊಡಬೇಕು, ರೈತರು ದುಡಿಮೆಯಿಂದಲೋ ವಂತಿಗೆಯಿಂದಲೋ ಅದನ್ನು ತೀರಿಸಬೇಕು ಎಂಬುದು ಇದರ ತಿರುಳು. ಕೆರೆಯ ಲಾಭದ ಪ್ರದೇಶವನ್ನೇ ಆಡಳಿತದ ಘಟಕವಾಗಿ ಮಾಡಿದ ಈ ಆಲೋಚನೆ ಇಂದಿನ ಸರೋವರ ಜಿಲ್ಲೆಗಳಿಗೆ ಬಹಳ ಹತ್ತಿರದ್ದು.

ಕುಸಿತ: ಸ್ವಾತಂತ್ರ್ಯಾನಂತರದ ಸುಧಾರಣೆಗಳು ಹಳೆಯ ಏರ್ಪಾಡಿನ ಬುಡವನ್ನೇ ಕಿತ್ತವು. ಇನಾಮುಗಳು ರದ್ದಾದವು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ನೀರುಗಂಟಿಯ ವಂಶಪಾರಂಪರ್ಯದ ಹಕ್ಕನ್ನೂ ಕೊನೆಗೊಳಿಸಿತು. ಸಾಮಾಜಿಕವಾಗಿ ಅದು ನ್ಯಾಯವೇ; ಆದರೆ ತೂಬು ಕಾಯುವವನ ಜಾಗಕ್ಕೆ ಇನ್ನೊಬ್ಬನನ್ನು ಯಾರೂ ತಂದು ಕೂರಿಸಲಿಲ್ಲ. ಕೆರೆಗಳು ಅಚ್ಚುಕಟ್ಟಿನ ವಿಸ್ತಾರದ ಪ್ರಕಾರ ಹಂಚಿಹೋದವು. 40 ಹೆಕ್ಟೇರಿಗಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯಿತಿಗಳಿಗೆ. ಕೊಳವೆಬಾವಿ ಬಂದ ಮೇಲಂತೂ ತೂಬಿನ ಕಡೆ ನೋಡುವವರೇ ಕಡಿಮೆಯಾದರು.

ಅಭಿವೃದ್ಧಿ ಕರ: 1957ರಲ್ಲಿ ನೀರಾವರಿ ಅಭಿವೃದ್ಧಿ ವಂತಿಗೆ ಮತ್ತು ನೀರಿನ ದರದ ಕಾಯಿದೆ ಬಂತು. ನೀರಾವರಿ ಕಾಮಗಾರಿಯಿಂದ ಬೆಲೆ ಏರಿದ ಜಮೀನಿನಿಂದ ಆ ಏರಿಕೆಯ ಒಂದು ಪಾಲನ್ನು ಪಡೆಯುವುದು ಇದರ ಉದ್ದೇಶ. ರೈತರ ಬಾಯಲ್ಲಿ ಇದು ಬೆಟರ್‌ಮೆಂಟ್ ಲೆವಿ. ಮಲಪ್ರಭಾ ನೀರಾವರಿ ಯೋಜನೆಯ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಹರಿಯುವ ಮೊದಲೇ ಕರದ ನೋಟಿಸುಗಳು ಹರಿದವು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಪ್ರತಿಭಟನೆ ಹಿಂಸೆಗೆ ತಿರುಗಿ ಪೊಲೀಸ್ ಗೋಲಿಬಾರಿನಲ್ಲಿ ರೈತರು ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಮುಂದೆ ಮೈಸೂರು ಸೀಮೆಯಲ್ಲೂ ಬಲವಾಗಿ ಬೇರೂರಿದ ಸಂಘ ಕರ ನಿರಾಕರಣೆಯನ್ನು ಚಳವಳಿ ಮಾಡಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಊರ ಬಾಗಿಲಲ್ಲಿ ನಿಂತವು. ಅಂದಿನಿಂದ ಜಮೀನಿನ ಮೇಲೆ ನೀರಾವರಿಯ ವಿಶೇಷ ಕರದ ಮಾತೆತ್ತಲು ಯಾವ ಸರ್ಕಾರಕ್ಕೂ ಸುಲಭವಾಗಿಲ್ಲ.

ಇತ್ತೀಚಿನ ರೂಪಗಳು: ವಿಶ್ವಬ್ಯಾಂಕಿನ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘ 2002ರಿಂದ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಖರ್ಚಿನ ಸಣ್ಣ ಪಾಲನ್ನು ಊರವರಿಂದ ವಂತಿಗೆಯಾಗಿ ಪಡೆಯಿತು. ಹೆಸರು ಹೊಸದು, ಚೌಕಟ್ಟು 1911ರದೇ. ಆದರೆ ಮುಕ್ಕಾಲುಪಾಲು ಹಣ ಹೊರಗಿನಿಂದ ಬರುತ್ತಿದ್ದಾಗ ವಂತಿಗೆ ಬಹುಮಟ್ಟಿಗೆ ಪ್ರವೇಶ ಶುಲ್ಕವಾಗಿ ಉಳಿಯಿತು. ಪಟ್ಟಣಗಳಲ್ಲಿ ಹೊಣೆ ಅಚ್ಚುಕಟ್ಟಿನಿಂದ ನಿವೇಶನಕ್ಕೆ ಜಾರಿದೆ: ಹೊಸ ಬಡಾವಣೆಗೆ ಅನುಮೋದನೆ ಕೊಡುವಾಗ ಯೋಜನಾ ಪ್ರಾಧಿಕಾರಗಳು ಕೆರೆ ಪುನಶ್ಚೇತನದ ಶುಲ್ಕವನ್ನೂ ವಸೂಲಿ ಮಾಡುತ್ತವೆ. ಆ ಹಣ ಕಟ್ಟಿದವನ ಬಡಾವಣೆಯ ಪಕ್ಕದ ಕೆರೆಗೇ ಹೋಗಬೇಕೆಂಬ ಕಟ್ಟುನಿಟ್ಟು ಇಲ್ಲದಿರುವುದೇ ಈ ಶುಲ್ಕಕ್ಕೂ ಬಿತ್ತುವಟ್ಟಕ್ಕೂ ಇರುವ ದೊಡ್ಡ ಅಂತರ. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂತು. ದುರಸ್ತಿಯ ಹಣ ಈಗಲೂ ಹೆಚ್ಚಾಗಿ ಬಜೆಟ್, ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಮತ್ತು ದಾನಿಗಳಿಂದಲೇ ಬರುತ್ತಿದೆ.