ತಕ್ಕಡಿ ಬರೆದಿಟ್ಟ ಚರಿತ್ರೆ

ಮೈಸೂರಿನ ಚರಿತ್ರೆ ಅಂದ್ರೆ ನಮ್ಮ ಶಾಲೆಗಳಲ್ಲಿ ಅರಮನೆ, ದಿವಾನರು, ಕನ್ನಂಬಾಡಿ ಕಟ್ಟೆ. ಕಟ್ಟೆಗೆ ಕಲ್ಲು ಹೊತ್ತವರೇ ಅದರಲ್ಲಿಲ್ಲ. ಇನ್ನು ಅವರು ಹೆತ್ತ ಕೂಸುಗಳು ಎಲ್ಲಿ ಬರ್ತವೆ? ಆದರೆ ಇದೇ ಊರಿನಲ್ಲಿ ಕೂಸುಗಳದ್ದೇ ಒಂದು ಚರಿತ್ರೆ ಇದೆ. ಅದನ್ನು ಬರೆದದ್ದು ಯಾವ ಪಂಡಿತನೂ ಅಲ್ಲ, ಒಂದು ತಕ್ಕಡಿ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಅಂತಲೇ ಕರೆದದ್ದು. 1906ರಲ್ಲಿ ಮೆಥಡಿಸ್ಟ್ ಮಿಷನರಿಗಳು ಹೆಂಗಸರಿಗೆ, ಮಕ್ಕಳಿಗೆ ಅಂತ ತೆರೆದರು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಪುಸ್ತಕದಲ್ಲಿ ದಾಖಲಾದವು. ತಾಯಿಯ ತೂಕವೂ ಸೇರಿತು. ಬರೆದ ನರ್ಸಮ್ಮಂದಿರಿಗೆ ಅದು ದಿನದ ಕೆಲಸ, ಅಷ್ಟೆ.

ಆ ಪುಸ್ತಕಗಳಿಗೆ ಮಾತು ಬಂದದ್ದು 1990ರ ದಶಕದಲ್ಲಿ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅಲ್ಲಿನ ಹಳೆಯ ಜನನ ದಾಖಲೆಗಳನ್ನು ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದವರೇ ಮುಂದೆ ಹೃದಯದ ಕಾಯಿಲೆಯಿಂದ ಹೆಚ್ಚು ಸಾಯುತ್ತಾರೆ ಅಂತ ಹೇಳಿದ್ದ. ಹಾಗಾದರೆ ಬಡದೇಶದಲ್ಲಿ? ಕ್ಯಾರೋಲಿನ್ ಫಾಲ್ ಮತ್ತು ಜೊತೆಯವರು ಮೈಸೂರಿನಲ್ಲಿ ಹುಡುಕಿದರು. 1934ರಿಂದ 1954ರೊಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 517 ಜನ ಸಿಕ್ಕಿದರು. ಫಲಿತಾಂಶ 1996ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, 3.1 ಕೆ.ಜಿ. ದಾಟಿದ್ದವರಲ್ಲಿ ಬರೀ 3. ಕೂಸೂ ಸಣ್ಣದು, ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ಅನ್ನುವ ಕಡೆ ನೂರಕ್ಕೆ 20.

ವಿಜ್ಞಾನಿಗಳು ಕೊಡುವ ಕಾರಣ ಇದು: ಗರ್ಭದಲ್ಲಿ ಅನ್ನ ಸಾಲದಾದಾಗ ಶಿಶು ಇದ್ದದ್ದನ್ನು ಮೊದಲು ಮಿದುಳಿಗೆ ಕೊಡುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡ, ರಕ್ತನಾಳಗಳಿಗೆ ಖೋತಾ. ಆ ಸಾಲ ಐವತ್ತು ವರ್ಷದ ಮೇಲೆ ವಸೂಲಿಗೆ ಬರುತ್ತದೆ. ಎಲ್ಲವನ್ನೂ ಹಸಿವಿಗೇ ಕಟ್ಟುವಂತಿಲ್ಲ, ನಿಜ. ಅದೇ ದಾಖಲೆಗಳಿಂದ 1998ರಲ್ಲಿ ಬಂದ ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೇ ಕಾಟ ಹೆಚ್ಚು.

ಆದರೂ 45 ಕೆ.ಜಿ. ಮುಟ್ಟದ ಬಸುರಿಯನ್ನು ನೀವು ನೋಡಿಲ್ಲವೆ? ಎಲ್ಲರದೂ ಆದ ಮೇಲೆ ಪಾತ್ರೆ ಕೆರೆದು ಉಣ್ಣೋಳು ಅವಳು. ಮುದ್ದೆ ಉಳಿದ್ರೆ ಉಂಟು, ಇಲ್ಲಾಂದ್ರೆ ನೀರು. ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಅನ್ನೋ ಮಾತು ಬೇರೆ. ಓದಿದೋರು ಇದನ್ನ ಮೌಢ್ಯ ಅಂತ ನಗ್ತಾರೆ. ಸಿಸೇರಿಯನ್ ಇಲ್ಲದ ಹಟ್ಟಿಯಲ್ಲಿ ಸೂಲಗಿತ್ತಿಯ ಎರಡು ಕೈ ನಂಬಿ ಹೆರುವವಳಿಗೆ ಅದು ಜೀವ ಉಳಿಸಿಕೊಳ್ಳುವ ಲೆಕ್ಕವಾಗಿತ್ತು.

ಇನ್ನೊಂದು ಮಾತು. ಆ 517 ಮಂದಿ ಆಸ್ಪತ್ರೆಯ ಬಾಗಿಲು ಮುಟ್ಟಿದವರು, ಬದುಕಿ ಉಳಿದವರು. ಕೇರಿಯ ಗುಡಿಸಲಲ್ಲಿ ಹುಟ್ಟಿ ವರ್ಷ ತುಂಬುವ ಮೊದಲೇ ಮಣ್ಣಾದ ಕೂಸನ್ನು ಯಾವ ತಕ್ಕಡಿಯೂ ತೂಗಲಿಲ್ಲ.

ಹಳ್ಳಿಗೆ ತಕ್ಕಡಿ ಬಂದದ್ದು 1975ರಲ್ಲಿ. ಆ ವರ್ಷ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ತುರ್ತುಪರಿಸ್ಥಿತಿಯ ಕಾಲ, ಒಂದು ಕಡೆ ಜೈಲು ತುಂಬಿಸಿದ ಸರ್ಕಾರವೇ ಇನ್ನೊಂದು ಕಡೆ ಮಕ್ಕಳಿಗೆ ಉಪ್ಪಿಟ್ಟು ಬಡಿಸಿತು. ಉಪ್ಪಿಟ್ಟಿನ ವಿಷಯದಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಮನೆ ಯಾವ ಬೀದಿಯಲ್ಲಿ ಎದ್ದಿತು, ಒಲೆ ಹಚ್ಚಿದವರು ಯಾರು ಅನ್ನುವುದರಲ್ಲಿ. ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಸುದ್ದಿ ಈ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ.

ಹೆರಿಗೆಯ ಮುಂಚೆ, ಆಮೇಲೆ ದುಡಿಯುವ ಹೆಂಗಸಿಗೆ ವಿರಾಮ ಸಿಗುವುದು ದೇಶದ ಹಿತ ಅಂತ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ವಾದಿಸಿದ್ದರು. ಅಂದಿನ ಮಸೂದೆ ಕಾರ್ಖಾನೆಯ ಹೆಂಗಸರದ್ದು. 1961ರ ಹೆರಿಗೆ ಸೌಲಭ್ಯ ಕಾಯಿದೆ ಬಂದಾಗಲೂ ಗದ್ದೆಯ ದಿನಗೂಲಿಯವಳು ಹೊರಗೇ ಉಳಿದಳು. 2017ರಲ್ಲಿ ರಾಜ್ಯ ಸರ್ಕಾರ ಮಾತೃಪೂರ್ಣ ಅಂತ ತಂದು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು ಅಂದಿತು. ಒಳ್ಳೆಯದೇ. ಆದರೆ ನಾಟಿ ಹಾಕುವ ದಿನ ಕೆಸರಿನ ಕಾಲು ತೊಳೆದು, ಊರಿಗೆ ನಡೆದು, ಉಂಡು ಮರಳುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಯ್ತು. ಅವಳು ಗದ್ದೆಯಲ್ಲೇ ಉಳೀತಾಳೆ.