ಗೋಡೆಯೊಳಗಿನ ಪೈಪು

ಹುಳಿಯಾರಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಗೋಡೆ ಒಡೆದಾಗ ಸಿಗುವ ಅರ್ಧ ಇಂಚಿನ ಜಿಐ ಪೈಪನ್ನು ಕತ್ತರಿಸಿ ಬೆಳಕಿಗೆ ಹಿಡಿದು ನೋಡಬೇಕು. ಹೊರಗೆ ಕಬ್ಬಿಣ ಇನ್ನೂ ಗಟ್ಟಿ. ಒಳಗೆ ಕಂದು ತುಕ್ಕು, ಅದರ ಮೇಲೆ ಬಿಳಿ ಸುಣ್ಣ, ನಡುವೆ ಪೆನ್ಸಿಲ್ ತೂರುವಷ್ಟು ದಾರಿ. 'ಪೈಪಿಗೆ ವಯಸ್ಸಾಯ್ತು' ಎನ್ನುತ್ತಾರೆ ಮನೆಯವರು. ಅದು ಅರ್ಧ ನಿಜ. ಪೈಪಿಗಿಂತ ಹೆಚ್ಚು ಬದಲಾದದ್ದು ಅದರೊಳಗೆ ಹರಿದ ನೀರು.

ಕೊಳವೆಯಲ್ಲಿ ನೀರು ಹರಿಸುವುದು ಕನ್ನಡ ನಾಡಿಗೆ ಹೊಸತಲ್ಲ. ವಿಜಯಪುರದಲ್ಲಿ 1651ರ ಬೇಗಂ ತಲಾಬಿನಿಂದ ಊರೊಳಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ 'ಗಂಜ್' ಎಂಬ ಗೋಪುರಗಳಿದ್ದವು. ನೀರಿನ ಒತ್ತಡ ತಗ್ಗಿಸುವುದು, ಹೂಳು ತಂಗಿಸುವುದು ಅವುಗಳ ಕೆಲಸ. ಕೊಳವೆಯನ್ನು ಕೆಡಿಸುವುದು ಏನೆಂದು ಆ ಕಟ್ಟುಗರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಹುಳಿಯಾರಿನ ಪಕ್ಕದ ಬೋರನಕಣಿವೆ ಜಲಾಶಯವೂ ಅವರ ಕಾಲದ್ದೇ. ಆದರೆ ಅದು ಕಟ್ಟಿದ್ದು ಹೊಲಗದ್ದೆಗೆ. ಕುಡಿಯುವ ನೀರಿಗೆ ನಮ್ಮ ಸೀಮೆಯವರು ನೆಚ್ಚಿದ್ದು ಸೇದುವ ಬಾವಿಯನ್ನು. ಯಾವ ಬಾವಿಯದು ಸಿಹಿನೀರು, ಯಾವುದರಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ನೀರು ಹೊರುವ ಹೆಂಗಸರಿಗೆ ಬಾಯಿಪಾಠ. ನೀರಿನ ಗಡಸುತನಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಅಂದಿನ ಹಳ್ಳಿಯಲ್ಲಿ ಇರಲಿಲ್ಲ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ಬಾವಿಗೆ ಇಳಿಯಲು ಬಿಡದ ಜಾತಿಯ ಕಟ್ಟಳೆ ಇದ್ದ ಊರುಗಳಲ್ಲಿ ಒಂದು ಕೈಪಂಪು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೈಪಂಪಿನ ಜಾಗಕ್ಕೆ ನಿಧಾನವಾಗಿ ಮೋಟಾರು, ಸಿಸ್ಟನ್, ಬೀದಿನಲ್ಲಿ ಬಂದವು, ಆಮೇಲೆ ಮನೆನಲ್ಲಿ. ಆ ಕಾಲಕ್ಕೆ ಮನೆಯೊಳಗಿನ ಪೈಪು ಎಂದರೆ ಜಿಐ, ಅಂದರೆ ಸತುವಿನ ಲೇಪವಿರುವ ಕಬ್ಬಿಣ. ಮಣ್ಣಿನ ಗೋಡೆ ಕೊರೆದು ಹೂತು ಮೇಲೆ ಗಾರೆ ಬಳಿದರು.

ಇತ್ತ ತೋಟದ ಬೋರುಗಳು ಆಳಕ್ಕೆ ಇಳಿದಂತೆ ಸೇದುವ ಬಾವಿಗಳು ಬತ್ತಿದವು. ಆಳದ ನೀರು ಬಂಡೆಯ ನಡುವೆ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ವಿಚಿತ್ರವೆಂದರೆ ತೆಳುವಾದ ಸುಣ್ಣದ ಪದರ ಕಬ್ಬಿಣವನ್ನು ಕಾಯುತ್ತದೆ. ದಪ್ಪವಾದರೆ ದಾರಿ ಕಟ್ಟುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟರೆ ನಡುವಿನ ದಿನಗಳಲ್ಲಿ ಖಾಲಿ ಪೈಪಿನೊಳಗೆ ಗಾಳಿ ಸೇರಿ ತುಕ್ಕೂ ಜೋರಾಗುತ್ತದೆ. ಒಳದಾರಿ ಅರ್ಧಕ್ಕೆ ಕಿರಿದಾದರೆ ಅದೇ ಒತ್ತಡದಲ್ಲಿ ಬರುವ ನೀರು ಅರ್ಧವಲ್ಲ, ಸುಮಾರು ಆರನೇ ಒಂದು ಭಾಗ. ನಲ್ಲಿಯಲ್ಲಿ ನೀರು 'ಸಣ್ಣಗೆ' ಬರುವುದರ ಗುಟ್ಟು ಇದು. ಬೈಗುಳ ಮಾತ್ರ ನೀರುಗಂಟಿಗೆ.

ಸೋರಿದ ಕಡೆ ಒಂದು ಗೇಣು ಕತ್ತರಿಸಿ ಹೊಸ ತುಂಡು ಹಾಕುವುದು ಅಗ್ಗ. ಆದರೆ ತಿರುಪು ಬಿಗಿಯುವಾಗಲೇ ಪಕ್ಕದ ಹಳೆಯ ಮರೆ ಮುರಿಯುತ್ತದೆ. ಅದು ತಡೆದರೂ ಮುಂದಿನ ಎಲ್ಬೋದಲ್ಲಿ ಸೋರುತ್ತದೆ. ಆಸಿಡ್ ಸುರಿದು ಸುಣ್ಣ ಕರಗಿಸುವ ಜಾಣರಿದ್ದಾರೆ. ಆಸಿಡ್ ಸುಣ್ಣದ ಜೊತೆಗೆ ಉಳಿದ ಸತುವನ್ನೂ ತಿನ್ನುತ್ತದೆ. ಸಿಮೆಂಟ್ ಮನೆಯಾದರೆ ಸೋರಿಕೆ ಒಂದು ಕಲೆ, ಅಷ್ಟೆ. ಮಣ್ಣಿನ ಗೋಡೆಯಾದರೆ ನೀರು ಒಳಗೊಳಗೇ ಹೀರಿಕೊಂಡು, ಗಾರೆ ಉಬ್ಬಿ, ಬುಡವೇ ಕುಸಿಯಬಹುದು. ಮೇಲೆ ಅಜ್ಜನ ಕಾಲದ ತೊಲೆ ಕೂತಿರುತ್ತದೆ. ಹಾಗಾಗಿ ಹಳೆಯ ಪೈಪನ್ನು ಕೀಳುವ ಗೋಜಿಗೆ ಹೋಗದೆ ಎರಡೂ ತುದಿಗೆ ಡಮ್ಮಿ ಹಾಕಿ, ಗೋಡೆಯ ಹೊರಮೈಯಲ್ಲಿ ಕ್ಲಾಂಪು ಹೊಡೆದು ಸಿಪಿವಿಸಿ ಎಳೆಯುವುದೇ ಸರಿಯೆಂದು ನನಗನ್ನಿಸುತ್ತದೆ. ನೋಟಕ್ಕೆ ಚೆನ್ನಾಗಿರುವುದಿಲ್ಲ. ಸೋರಿದರೆ ಕಣ್ಣಿಗೆ ಬೀಳುತ್ತದೆ.

ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ. ನೀರು ಮಾತ್ರ ಅದೇ ಬೋರಿನದು. ಹಿಂದೆ ಕರಟ, ಮಟ್ಟೆ ಉರಿಸಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯ ತಳದಿಂದ ಹುಣಸೆಹಣ್ಣು ಹಾಕಿ ಉಜ್ಜಿ ತೆಗೆಯುತ್ತಿದ್ದ ಆ ಬಿಳಿ ಹಕ್ಕಳೆ ಈಗ ಗೀಸರಿನ ಕಾಯಿಲ್ ಮೇಲೆ ಕೂರುತ್ತಿದೆ.