ಕೊಡಗಿನಲ್ಲಿ ಬಾಸೆಲ್ ಮಿಷನ್

ಕೊಡಗಿನಲ್ಲಿ ಬಾಸೆಲ್ ಮಿಷನ್ ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪನೆಯಾದ ಪ್ರಾಟೆಸ್ಟೆಂಟ್ ಮಿಷನ್ ಸಂಸ್ಥೆಯು ೧೯ನೆಯ ಶತಮಾನದ ಮಧ್ಯಭಾಗದಿಂದ ಕೊಡಗಿನಲ್ಲಿ ನಡೆಸಿದ ಧಾರ್ಮಿಕ, ಶೈಕ್ಷಣಿಕ ಮತ್ತು ಸಾಮಾಜಿಕ ಕಾರ್ಯಗಳನ್ನು ಸೂಚಿಸುತ್ತದೆ. ಇದಕ್ಕೆ ಬುನಾದಿ ಹಾಕಿದವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ದ ಸಂಪಾದಕರಾದ ಹೆರ್ಮನ್ ಮೋಗ್ಲಿಂಗ್. ಮಡಿಕೇರಿ ಮತ್ತು ಅಮ್ಮತ್ತಿ ಸಮೀಪದ ಆನಂದಪುರ ಇದರ ಮುಖ್ಯ ಕೇಂದ್ರಗಳಾಗಿದ್ದವು. ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ನೆಲೆಗೊಳಿಸಿದ ಕೃಷಿ ವಸಾಹತು ಎಂಬ ಕಾರಣದಿಂದ ಆನಂದಪುರವು ಕರ್ನಾಟಕದ ಸಾಮಾಜಿಕ ಇತಿಹಾಸದಲ್ಲಿ ಗಮನಾರ್ಹವಾಗಿದೆ.

ಹಿನ್ನೆಲೆ

ಕೊಡಗು ಪಶ್ಚಿಮ ಘಟ್ಟಗಳ ನಡುವಿನ ಗುಡ್ಡಗಾಡು ಪ್ರದೇಶ. ಅತಿಯಾದ ಮಳೆ, ದಟ್ಟ ಕಾಡು ಹಾಗೂ ಕಡಿದಾದ ಘಟ್ಟದ ದಾರಿಗಳಿಂದಾಗಿ ವರ್ಷದ ಹಲವು ತಿಂಗಳು ಇಲ್ಲಿಗೆ ಪ್ರಯಾಣ ಕಷ್ಟಕರವಾಗಿತ್ತು. ೧೮೩೪ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರನ್ನು ತಲುಪಿದರು.

ಕೊಡಗಿಗೆ ಕ್ರೈಸ್ತ ಧರ್ಮವು ಅದಕ್ಕೂ ಮೊದಲೇ ಬಂದಿತ್ತು. ದೊಡ್ಡವೀರರಾಜೇಂದ್ರನು ೧೭೯೨ರಲ್ಲಿ ಸ್ಥಾಪಿಸಿದ ವಿರಾಜಪೇಟೆಯಲ್ಲಿ ಕೊಂಕಣಿ ಮಾತನಾಡುವ ಕಥೋಲಿಕರು ನೆಲೆಸಿದ್ದರು. ಅವರು ಹೊರಗಿನಿಂದ ವಲಸೆ ಬಂದವರು. ಬಾಸೆಲ್ ಮಿಷನ್ ಸ್ಥಳೀಯ ಜನರ ನಡುವೆ ಕೆಲಸ ಆರಂಭಿಸಿತು.

ಜೀತ ಮತ್ತು ಭೂ ಒಡೆತನ

ಅಂದಿನ ಕೊಡಗಿನಲ್ಲಿ ಉತ್ತಮ ಗದ್ದೆಗಳು ಬಹುಮಟ್ಟಿಗೆ ಜಮ್ಮಾ ಹಿಡುವಳಿಗೆ ಸೇರಿದ್ದವು. ಜಮ್ಮಾ ಭೂಮಿಯು ವಂಶಪಾರಂಪರ್ಯವಾಗಿ ಒಕ್ಕದ, ಅಂದರೆ ಒಂದೇ ಮೂಲದ ಕೂಡುಕುಟುಂಬದ, ಸ್ವತ್ತಾಗಿ ಉಳಿಯುತ್ತಿತ್ತು. ಅದಕ್ಕೆ ಕಂದಾಯ ಕಡಿಮೆ; ಅದನ್ನು ಪರಭಾರೆ ಮಾಡುವಂತಿರಲಿಲ್ಲ. ಈ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಹೊಲೆಯರು, ಯರವರು ಮೊದಲಾದ ಸಮುದಾಯದವರು. ಆ ಕಾಲದ ಬರಹಗಳು ಆಳುಗಳಲ್ಲಿ ಎರಡು ಬಗೆಯವರನ್ನು ಗುರುತಿಸುತ್ತವೆ. 'ಭೂಮಿ ಜಮ್ಮಾ' ಆಳುಗಳು ಭೂಮಿಗೆ ಅಂಟಿಕೊಂಡವರು. ಭೂಮಿ ಯಾರ ಕೈಯಲ್ಲಿದ್ದರೂ ಅವರು ಅದರೊಂದಿಗೇ ಇರಬೇಕಾಗಿತ್ತು. 'ಒಕ್ಕಲು ಜಮ್ಮಾ' ಆಳುಗಳು ಒಡೆಯನ ಮನೆತನದ ಸ್ವತ್ತು. ಅವರನ್ನು ಮಾರುವುದಕ್ಕೂ ಅಡವಿಡುವುದಕ್ಕೂ ಅವಕಾಶವಿತ್ತು.

೧೮೪೩ರ ಐದನೆಯ ಅಧಿನಿಯಮವು ಕಂಪನಿಯ ಆಡಳಿತ ಪ್ರದೇಶಗಳಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಒಡೆಯನು ಆಳಿನ ಮೇಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸುವಂತಿರಲಿಲ್ಲ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧವಾದದ್ದು ೧೮೬೦ರ ಭಾರತೀಯ ದಂಡ ಸಂಹಿತೆಯ ಮೂಲಕ. ಕಾನೂನು ಆಳನ್ನು ಬಿಡುಗಡೆಗೊಳಿಸಿದರೂ ಅವನಿಗೆ ಭೂಮಿಯನ್ನು ಕೊಡಲಿಲ್ಲ. ಒಡೆಯನ ಮನೆಯನ್ನು ಬಿಟ್ಟುಹೋದವನಿಗೆ ಗುಡಿಸಲು ಕಟ್ಟಲು ಜಾಗವಾಗಲಿ, ಉಣ್ಣಲು ಭತ್ತವಾಗಲಿ ಇರಲಿಲ್ಲ. ಕೊಡಗಿನಲ್ಲಿ ಮಿಷನ್ ಕೈಗೊಂಡ ಕಾರ್ಯದ ಸ್ವರೂಪವನ್ನು ಈ ಪರಿಸ್ಥಿತಿಯೇ ರೂಪಿಸಿತು.

ಆರಂಭ

ಮೋಗ್ಲಿಂಗ್ (೧೮೧೧–೧೮೮೧) ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ೧೮೩೬ರಲ್ಲಿ ಮಂಗಳೂರಿಗೆ ಬಂದರು. ೧೮೪೩ರಲ್ಲಿ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದ ಅವರು ಹಳೆಯ ಕನ್ನಡ ಕಾವ್ಯಗಳನ್ನು ಸಂಗ್ರಹಿಸಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಪ್ರಕಟಿಸಿದರು. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೫೮ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಅವರು ಕೊಡಗಿಗೆ ಹೋಗಲು ಕಾರಣರಾದವರು ಆಲಮಂಡ ಮನೆತನದ ಕೊಡವ ಸೋಮಯ್ಯ. ಕ್ರೈಸ್ತ ಮತವನ್ನು ಸ್ವೀಕರಿಸಿದ ಸೋಮಯ್ಯನವರಿಗೆ ಸ್ತೆಫಾನ ಎಂಬ ಹೆಸರನ್ನು ಇಡಲಾಯಿತು. ಅವರು ಊರಿಗೆ ಮರಳುವಾಗ ಜೊತೆಗೆ ಹೊರಟ ಮೋಗ್ಲಿಂಗ್, ೧೮೫೩ರ ಹೊತ್ತಿಗೆ ಕೊಡಗಿನಲ್ಲಿ ನೆಲೆ ನಿಂತರು. ಒಕ್ಕದ ವ್ಯವಸ್ಥೆಯಲ್ಲಿ ಮನೆ, ಗದ್ದೆ, ಪೂಜೆ ಎಲ್ಲವೂ ಕೂಡಿಯೇ ನಡೆಯುತ್ತಿದ್ದುದರಿಂದ ಒಬ್ಬನ ಮತಾಂತರವು ಇಡೀ ಮನೆತನದ ಪ್ರಶ್ನೆಯಾಗುತ್ತಿತ್ತು. ಮುಂದೆಯೂ ಕೊಡವರಲ್ಲಿ ಮತಾಂತರಗೊಂಡವರು ವಿರಳ. ಕೊಡಗಿನ ಚರಿತ್ರೆ, ಜನಜೀವನ ಹಾಗೂ ಮಿಷನ್ನಿನ ಮೊದಲ ದಿನಗಳನ್ನು ವಿವರಿಸುವ 'ಕೂರ್ಗ್ ಮೆಮೊಯಿರ್ಸ್' ಎಂಬ ಇಂಗ್ಲಿಷ್ ಗ್ರಂಥವನ್ನು ಮೋಗ್ಲಿಂಗ್ ೧೮೫೫ರಲ್ಲಿ ಪ್ರಕಟಿಸಿದರು.

ಆನಂದಪುರ

೧೮೫೦ರ ದಶಕದ ಕೊನೆಯಲ್ಲಿ ಹೊಲೆಯ ಸಮುದಾಯದ ಕೆಲವು ಕುಟುಂಬಗಳು ಮೋಗ್ಲಿಂಗರ ಬಳಿಗೆ ಬಂದವು. ದೀಕ್ಷಾಸ್ನಾನದ ನಂತರ ಈ ಕುಟುಂಬಗಳು ಹಿಂದಿನ ಒಡೆಯರ ಆಶ್ರಯದಲ್ಲೇ ಮುಂದುವರಿಯುವುದು ಸುಲಭವಾಗಿರಲಿಲ್ಲ. ಆದುದರಿಂದ ಮಿಷನ್ ಪಡೆದ ಜಮೀನಿನಲ್ಲಿ ಅವರಿಗಾಗಿ ಒಂದು ಗ್ರಾಮವನ್ನು ನೆಲೆಗೊಳಿಸಿ ಅದಕ್ಕೆ ಆನಂದಪುರ ಎಂಬ ಹೆಸರನ್ನು ಇಡಲಾಯಿತು. ಅಲ್ಲಿ ಮನೆಗಳು, ಪ್ರಾರ್ಥನಾ ಮಂದಿರ, ಶಾಲೆ ಮತ್ತು ಸಾಗುವಳಿ ಒಂದೇ ಕಡೆ ಬೆಳೆದವು.

ಕೃಷಿ ವಸಾಹತಿನ ಕಲ್ಪನೆ ಮಿಷನ್‌ಗೆ ಹೊಸದಲ್ಲ. ಗದಗ ಸಮೀಪದ ಮಲಸಮುದ್ರದಲ್ಲಿ ೧೮೪೦ರ ದಶಕದಲ್ಲಿ ಇಂಥದೇ ಪ್ರಯತ್ನವೊಂದು ನಡೆದು ವಿಫಲವಾಗಿತ್ತು. ಮಂಗಳೂರಿನಲ್ಲಿ ಜಾತಿಯಿಂದ ಹೊರಬಿದ್ದವರಿಗೆ ನೇಯ್ಗೆ, ಮುದ್ರಣ ಮತ್ತು ೧೮೬೫ರಿಂದ ಹೆಂಚಿನ ಕಾರ್ಖಾನೆ ಕೆಲಸ ಕೊಟ್ಟವು. ಕೊಡಗಿನ ಬೆಟ್ಟಗಳಲ್ಲಿ ಅಂತಹ ಕೈಗಾರಿಕೆಗೆ ಅನುಕೂಲವಿರಲಿಲ್ಲ. ಇಲ್ಲಿ ಆಧಾರವಾದದ್ದು ಕಾಫಿ. ೧೮೫೪ರಲ್ಲಿ ಫೌಲರ್ ಎಂಬ ಯುರೋಪಿಯನ್ ತೋಟಗಾರರು ಮಡಿಕೇರಿಯ ಬಳಿ ಕಾಫಿ ತೋಟವನ್ನು ಆರಂಭಿಸಿದ ಬಳಿಕ ಕೊಡಗಿನಲ್ಲಿ ಕಾಫಿ ಬೇಸಾಯ ವೇಗವಾಗಿ ಹರಡಿತ್ತು. ಆನಂದಪುರದಲ್ಲಿಯೂ ಕಾಫಿ ತೋಟವನ್ನು ಬೆಳೆಸಲಾಯಿತು. ಆದರೆ ಕಾಫಿ ಗಿಡ ಫಸಲು ಕೊಡಲು ಕೆಲವು ವರ್ಷಗಳು ಬೇಕು. ಅದರ ಬೆಲೆ ದೂರದ ಮಾರುಕಟ್ಟೆಯನ್ನು ಅವಲಂಬಿಸಿರುತ್ತದೆ. ೧೮೬೦ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಕೊಡಗಿನ ತೋಟಗಳು ಭಾರೀ ನಷ್ಟ ಅನುಭವಿಸಿದವು.

ಪತ್ನಿಯ ಅನಾರೋಗ್ಯದ ಕಾರಣ ಮೋಗ್ಲಿಂಗ್ ೧೮೬೦ರಲ್ಲಿ ಜರ್ಮನಿಗೆ ಮರಳಿದರು; ಮತ್ತೆ ಭಾರತಕ್ಕೆ ಬರಲಾಗಲಿಲ್ಲ. ೧೮೬೬ರಲ್ಲಿ ವೈಟ್‌ಬ್ರೆಕ್ಟ್ ಅವರೊಂದಿಗೆ ಕೊಡಗು ಮತ್ತು ಅಲ್ಲಿನ ಮಿಷನ್ ಕುರಿತು ಜರ್ಮನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನಂತರದ ಕಾಲದಲ್ಲಿ ಆನಂದಪುರದೊಂದಿಗೆ ನಿಕಟ ಸಂಬಂಧ ಹೊಂದಿದ್ದವರಲ್ಲಿ ಹೆರ್ಮನ್ ಆನಂದರಾವ್ ಕೌಂಡಿನ್ಯ ಒಬ್ಬರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಅವರು ೧೮೪೪ರಲ್ಲಿ ಕ್ರೈಸ್ತರಾಗಿ, ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾಗಿ ಹಿಂದಿರುಗಿದ್ದರು.

ಶಿಕ್ಷಣ ಮತ್ತು ಗ್ರಂಥ ರಚನೆ

ಕೊಡಗಿನ ಆಧುನಿಕ ಶಿಕ್ಷಣದ ಇತಿಹಾಸದಲ್ಲಿ ಪಾದ್ರಿ ಜಿ. ರಿಕ್ಟರ್ ಅವರ ಹೆಸರು ಮುಖ್ಯವಾದುದು. ಅವರು ಮಡಿಕೇರಿಯ ಸರ್ಕಾರಿ ಕೇಂದ್ರ ಶಾಲೆಯ ಮುಖ್ಯಸ್ಥರಾಗಿದ್ದರು. ಭೂಗೋಳ, ಬೇಸಾಯ, ಜಾತಿಗಳು, ಆಚರಣೆಗಳು ಹಾಗೂ ಆಡಳಿತವನ್ನು ಕುರಿತ ಅವರ 'ಮ್ಯಾನ್ಯುಯಲ್ ಆಫ್ ಕೂರ್ಗ್' ೧೮೭೦ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಿಷನ್ನಿನ ಎ. ಗ್ರೇಟರ್ ಅವರು ಕೊಡವ ಭಾಷೆಯ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಮಿಷನ್ ಶಾಲೆಗಳಲ್ಲಿಯೂ ಆರಾಧನೆಯಲ್ಲಿಯೂ ಕನ್ನಡವೇ ಪ್ರಧಾನವಾಗಿ ಬಳಕೆಯಲ್ಲಿತ್ತು.

ನಂತರದ ಬೆಳವಣಿಗೆ

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿರಿಸಿದ್ದರಿಂದ ಭಾರತದಲ್ಲಿ ಬಾಸೆಲ್ ಮಿಷನ್ನಿನ ಕಾರ್ಯಗಳು ಅಸ್ತವ್ಯಸ್ತಗೊಂಡವು. ಅದರ ಕೈಗಾರಿಕೆಗಳು ಮತ್ತು ವಾಣಿಜ್ಯ ಆಸ್ತಿಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಸ್ಥಾಪನೆಯಾಯಿತು. ಇಂದು ಕೊಡಗಿನ ಸಿ.ಎಸ್.ಐ. ಸಭೆಗಳು ಮಂಗಳೂರು ಕೇಂದ್ರವಾಗಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ.

ಮೌಲ್ಯಮಾಪನ

ಕೊಡಗಿನ ಮಿಷನ್ ಕಾರ್ಯವನ್ನು ಎರಡು ದೃಷ್ಟಿಯಿಂದ ನೋಡಬಹುದು. ಜೀತದಾಳುಗಳ ಪಾಲಿಗೆ ಆನಂದಪುರವು ಒಡೆಯನ ಅಂಗಳದ ಹೊರಗೆ ಸ್ವಂತ ಮನೆ, ಮಕ್ಕಳಿಗೆ ಅಕ್ಷರ ಹಾಗೂ ತಮ್ಮದೇ ಆದ ಊರನ್ನು ಒದಗಿಸಿತು. ಇನ್ನೊಂದು ದೃಷ್ಟಿಯಲ್ಲಿ, ಜಮೀನು ಮತ್ತು ತೋಟ ಮಿಷನ್ನಿನ ಹತೋಟಿಯಲ್ಲಿದ್ದುದರಿಂದ ಪಾದ್ರಿಯೇ ಧರ್ಮಗುರುವೂ ಕೆಲಸ ಕೊಡುವವನೂ ಆದನು. ನೆರವು ಮತಾಂತರದೊಂದಿಗೆ ಬೆಸೆದುಕೊಂಡಿತು. ವಸಾಹತಿನ ಹೊರಗೆ ಉಳಿದ ಬಹುಸಂಖ್ಯಾತ ಆಳುಗಳ ಸ್ಥಿತಿಯನ್ನು ಇದು ನೇರವಾಗಿ ಬದಲಾಯಿಸಲಿಲ್ಲ. ಕೊಡಗಿನ ತೋಟಗಳಲ್ಲಿ ಕೂಲಿ ಮಾಡುವ ದಲಿತ ಮತ್ತು ಆದಿವಾಸಿ ಕುಟುಂಬಗಳ ಭೂಮಿ ಹಾಗೂ ನಿವೇಶನದ ಬೇಡಿಕೆ ೨೧ನೆಯ ಶತಮಾನದಲ್ಲಿಯೂ ಮುಂದುವರಿದಿದೆ. ದಿಡ್ಡಳ್ಳಿಯಲ್ಲಿ ೨೦೧೬ರ ಡಿಸೆಂಬರ್‌ನಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದ ನಂತರ ನಡೆದ ಹೋರಾಟ ಇದಕ್ಕೆ ಇತ್ತೀಚಿನ ಉದಾಹರಣೆ.